ಗೋಣಿ ಗೊಂಬೆಯ ಹಿಡಿತ

ಪ್ರತಿವರ್ಷ ಅಗ್ನಿಶಾಮಕ ಸಪ್ತಾಹದಲ್ಲಿ ನಾವು ಠಾಣೆಯವರು ರಾಯಬಾಗದ ಕಾಲೇಜಿಗೆ ಹೋಗಿ, ಗೋಣಿಚೀಲದ ಗೊಂಬೆಯೊಂದನ್ನು ಮಹಡಿಯಿಂದ ಹೊತ್ತು ಏಣಿ ಇಳಿದು ತೋರಿಸುತ್ತೇವೆ. ಹೊರುವವನು ಯಾವಾಗಲೂ ನನ್ನ ಜೊತೆಗಾರ ಮುರಗೆಪ್ಪನೇ. ಚಪ್ಪಾಳೆಯೆಲ್ಲ ಅವನಿಗೇ, ಕೆಳಗೆ ಏಣಿ ಹಿಡಿದು ನಿಂತ ನನಗೆ ಬರೀ ಹೊಟ್ಟೆಕಿಚ್ಚು. ಈ ವರ್ಷ ಸಾಹೇಬರಿಗೆ ದುಂಬಾಲು ಬಿದ್ದು ನಾನೇ ಹೊತ್ತೆ.

ಹುಲ್ಲು ತುಂಬಿದ ಗೊಂಬೆ ಅರ್ಧ ಏಣಿಯಲ್ಲಿ ಭಾರವಾಯಿತು. ಅದರ ಎದೆ ನನ್ನ ಬೆನ್ನಿಗೆ ಬೆಚ್ಚಗೆ ತಾಗಿತು. ಸುಟ್ಟ ಕಬ್ಬಿನ ರವದಿಯ, ಅಂದರೆ ಒಣಗರಿಯ, ವಾಸನೆ ಬಂತು. ಆಮೇಲೆ ಅದು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಕೆಳಗಿಳಿದು, ಅಂಗಿ ಸರಿಸಿ ಮುರಗೆಪ್ಪನಿಗೆ ತೋರಿಸಿದೆ. ಎರಡೂ ಹೆಗಲ ಮೇಲೆ ಬೆರಳಿನ ಗುರುತುಗಳಿದ್ದವು. ಗೊಂಬೆಯ ಕೈಗೆ ಬೆರಳುಗಳೇ ಇಲ್ಲ.

ಅವನು ಆ ಗುರುತುಗಳ ಮೇಲೆ ತನ್ನ ಬೆರಳಿಟ್ಟು ನೋಡಿದ. "ಇಷ್ಟ ವರ್ಷ ನಾ ಹೊತ್ತೇನಿ," ಎಂದ. "ನನ್ನ ಒಮ್ಮಿನೂ ಹಿಡಕೊಂಡಿಲ್ಲಲೇ ಅದು."

ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಗುರುತು ಇನ್ನೂ ಮಾಸಿಲ್ಲ.