ಮೆಟ್ಟಿಲು ತೊಳೆಯುವವಳು

ಬುಧವಾರ ಬೆಳಗ್ಗೆ ಒಂಬತ್ತೂಕಾಲಿಗೆ ಇನ್‌ಸ್ಪೆಕ್ಟರ್ ಚಿತ್ರಶಾಲೆಯ ದೊಡ್ಡ ಹಜಾರಕ್ಕೆ ಕಾಲಿಟ್ಟಾಗ ಸುಣ್ಣ ಇನ್ನೂ ಹಸಿಯಾಗಿತ್ತು.

ಗೋಡೆಯಗಲದ ಚಿತ್ರ. ಗೋಣಿಬಟ್ಟೆಯ ಮೇಲೆ ಕಲ್ಲಿದ್ದಲ ಮಸಿಯಲ್ಲಿ ಬರೆದದ್ದು. ಆಸ್ಪತ್ರೆಯ ಮುಂಬಾಗಿಲ ಮೆಟ್ಟಿಲನ್ನು ಮೊಣಕಾಲೂರಿ ಉಜ್ಜುತ್ತಿರುವ ಕಪ್ಪು ಹೆಂಗಸು. ಅವಳ ಮುಖದಿಂದ ಸೊಂಟದವರೆಗೆ ಯಾರೋ ಒಂದು ಬಕೆಟ್ ಸುಣ್ಣ ಎರಚಿದ್ದರು. ಪಕ್ಕದ ಗೋಡೆಯ ಮೇಲೆ ಅದೇ ಸುಣ್ಣದಲ್ಲಿ ಒಂದೇ ಒಂದು ಪದ. ಬಂದರಿನ ಕೇರಿಯ ಕಪ್ಪು ಜನರನ್ನು ಬೀದಿಯಲ್ಲಿ ಹಳಿಯುವ ಪದ. ಇನ್‌ಸ್ಪೆಕ್ಟರ್ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕಾಯಿತು. ಬರೆದ ಮೇಲೆ ಪೆನ್ನನ್ನು ಒರೆಸಬೇಕೆನ್ನಿಸಿತು ಅವಳಿಗೆ.

ಎಂಟೂವರೆಗೆ ಬಾಗಿಲು ತೆರೆದವನು ಕಾವಲುಗಾರ. ಮೂವತ್ತರ ಆಸುಪಾಸು. ಅದೇ ಕೇರಿಯವನು, ಇಡೀ ಚಿತ್ರಶಾಲೆಯಲ್ಲಿ ಕೆಲಸಕ್ಕಿದ್ದ ಒಬ್ಬನೇ ಕಪ್ಪು ಮನುಷ್ಯ. ಒಂಬತ್ತಕ್ಕೆ ನಿರ್ದೇಶಕರು ಬರುವವರೆಗೂ ಚಿತ್ರದ ಮುಂದೆ ನಿಂತೇ ಇದ್ದನಂತೆ. ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಅವನ ಬೂಟಿಗೆ ಸುಣ್ಣ ಮೆತ್ತಿತ್ತು. ಸಾಲದ್ದಕ್ಕೆ, ಚಿತ್ರ ಬರೆದ ಮುದುಕ ಅವನ ಸೋದರಮಾವ. ಚಿತ್ರದಲ್ಲಿರುವವಳು ಅವನ ತಾಯಿ. ಪ್ರದರ್ಶನ ಶುರುವಾದ ದಿನ ಅವನು ಬಂದು, ಸತ್ತ ಅಮ್ಮನನ್ನು ಮೊಣಕಾಲ ಮೇಲೆ ಕೂರಿಸಿ ಊರಿಗೆಲ್ಲ ತೋರಿಸುತ್ತೀಯಾ ಎಂದು ಮಾವನ ಮೇಲೆ ಹರಿಹಾಯ್ದದ್ದನ್ನು ಎಲ್ಲರೂ ಕೇಳಿದ್ದರು.

"ನೀನೇ ಮಾಡಿದ್ದಾ?"

"ಅಲ್ಲ."

"ಮತ್ತೆ ಅರ್ಧ ಗಂಟೆ ಇಲ್ಲಿ ಏನು ಮಾಡ್ತಿದ್ದೆ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

ಬೂಟು, ಬೀಗದ ಕೈ, ಜಗಳ—ಇನ್ನೇನು ಬೇಕು? ಇನ್‌ಸ್ಪೆಕ್ಟರ್ ಅವನನ್ನು ಠಾಣೆಗೆ ಕಳಿಸಿದಳು.

ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಪತ್ರಕರ್ತರು ಆಗಲೇ ಬಾಗಿಲಲ್ಲಿ ಮುತ್ತಿದ್ದರು. "ಇದು ನನ್ನ ಮುಖಕ್ಕೇ ಎರಚಿದ ಸುಣ್ಣ" ಎಂದು ಅವರು ಮೂರು ಸಲ, ಮೂರು ಕ್ಯಾಮೆರಾಗಳಿಗೆ ಹೇಳಿದರು. ಮೂರನೆಯ ಸಲ ಚೆನ್ನಾಗಿ ಬಂತು.

ಆಮೇಲೆ ಅವಳು ಹಾಜರಿ ಪುಸ್ತಕ ಕೇಳಿದಳು. ಕಾವಲುಗಾರ ಬೆಳಗ್ಗೆ ಹಜಾರವನ್ನೆಲ್ಲ ಒಂದು ಸುತ್ತು ಹಾಕಿ, ದೀಪ ಹಾಕಿ, ಬಾಗಿಲ ಬಳಿಯ ಮೇಜಿಗೆ ಬಂದು ಸಹಿ ಮಾಡುವುದು ಪದ್ಧತಿ. ಮೂರು ವಾರದ ಸಹಿಗಳು. ಸಾಲು ಸಾಲಾಗಿ ಸಹಿಗಳ ಪಕ್ಕದಲ್ಲಿ ಬೆರಳಿನ ಕಪ್ಪು ಕಲೆ.

ನಿರ್ದೇಶಕರು ಮುಖ ಸಿಂಡರಿಸಿದರು. "ಎಷ್ಟು ಸಲ ಹೇಳಿದ್ದೀನಿ ಮೇಡಂ, ಕೈ ತೊಳ್ಕೊಂಡು ಪುಸ್ತಕ ಮುಟ್ಟು ಅಂತ. ಅವರಿಗೆ ಅದೊಂದು ಅಭ್ಯಾಸ ಬರೋದೇ ಇಲ್ಲ."

ಕ್ಯಾಮೆರಾ ಮುಂದೆ ಅತ್ತ ಬಾಯಿ ಇದೇನಾ ಎಂದು ಅವಳಿಗೆ ಅನ್ನಿಸಿತು. ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳಿದಳು.

"ಒಂದು ಅವನ ಹತ್ರ, ಒಂದು ನನ್ನ ಹತ್ರ. ಭಾನುವಾರ ರಜೆ. ಶನಿವಾರ ಸಂಜೆ ಅವನ ಕೀ ಈಸ್ಕೊಂಡು ಸೋಮವಾರ ಬೆಳಗ್ಗೆ ಕೊಡ್ತೀನಿ. ಇಡೀ ದಿನ ಅಂಥವನ ಕೈಗೆ ಕಟ್ಟಡ ಬಿಟ್ಟು ಹೋಗೋಕಾಗುತ್ತಾ?"

ಅವಳು ಅದನ್ನೂ ಬರೆದುಕೊಂಡಳು.

ಮಧ್ಯಾಹ್ನ ಚಿತ್ರಕಾರ ಬಂದ. ಇಪ್ಪತ್ತೆರಡು ವರ್ಷ ಬಂದರಿನಲ್ಲಿ ಕಲ್ಲಿದ್ದಲು ಎತ್ತಿದ ಮುದುಕ. ಸುಣ್ಣವನ್ನು ಒಮ್ಮೆ ನೋಡಿ ಬೆನ್ನು ತಿರುಗಿಸಿದ. ತನ್ನ ತಂಗಿಯ ಕಥೆಯನ್ನು ಯಾರದೋ ಕಥೆಯೆಂಬಂತೆ ಹೇಳಿದ. ಹತ್ತೊಂಬತ್ತು ವರ್ಷ ಆ ಮೆಟ್ಟಿಲು ತೊಳೆದಳು. ಎದೆನೋವು ಬಂದ ದಿನ ಅದೇ ಮೆಟ್ಟಿಲು ಹತ್ತಲು ಹೋದರೆ, ನಿಮ್ಮವರ ಬಾಗಿಲು ಹಿಂದಿದೆ ಎಂದರು. ಹಿಂದಿನ ಸಾಲಿನಲ್ಲಿ ಅವಳ ಮುಂದೆ ನಲವತ್ತು ಜನ. ಸರದಿ ಬರಲಿಲ್ಲ.

"ಅಳಿಯ ಇದನ್ನ ಮಾಡಿಲ್ಲಮ್ಮಾ."

"ನಿಮ್ಮ ಮೇಲೆ ಕೂಗಾಡಿದ್ದನಲ್ಲ?"

"ಕೂಗಾಡಿದ. ಮಾರನೇ ದಿನವೇ ಬಂದು ಇಲ್ಲಿ ಕಾವಲು ಕೆಲಸಕ್ಕೆ ಸೇರ್ಕೊಂಡ. ಅಷ್ಟು ದ್ವೇಷ ಇದ್ದೋನು ಸೇರ್ತಾನಾ?"

ಪಕ್ಕದ ಕೋಣೆಯಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಬರೆದ ಸಣ್ಣ ಸಣ್ಣ ಚಿತ್ರಗಳಿದ್ದವು. ಬೆನ್ನು, ಬಕೆಟ್ಟು, ಬ್ರಷ್ಷು ಹಿಡಿದ ಕೈ. ಮುಟ್ಟಿ ನೋಡಿ ಎಂದ ಮುದುಕ. ಮುಟ್ಟಬಾರದೆಂದು ಬೋರ್ಡಿದೆಯಲ್ಲ ಎಂದಳು ಅವಳು.

"ಬೋರ್ಡು ಅವರದು. ಚಿತ್ರ ನನ್ನದು."

ಅವಳು ಬ್ರಷ್ಷು ಹಿಡಿದ ಕೈಯನ್ನು ಮುಟ್ಟಿದಳು. ಬೆರಳು ಕಪ್ಪಾಯಿತು. ಕರವಸ್ತ್ರದಿಂದ ತಿಕ್ಕಿದರೂ ಪೂರ್ತಿ ಹೋಗಲಿಲ್ಲ.

"ಎರಡು ದಿನ ಇರುತ್ತೆ" ಎಂದ ಮುದುಕ. "ನಾನು ಯಾವುದಕ್ಕೂ ವಾರ್ನಿಷ್ ಹೊಡೆಯಲ್ಲ. ನೋಡೋಕೆ ಬಂದೋರು ಒಂದಿಷ್ಟು ಮಸಿ ಹಚ್ಕೊಂಡು ಮನೆಗೆ ಹೋಗಲಿ ಅಂತ."

ಅವಳು ಹಜಾರಕ್ಕೆ ಹಿಂದಿರುಗಿ, ದೊಡ್ಡ ಚಿತ್ರದ ಮೂಲೆಯೊಂದನ್ನು ಒದ್ದೆ ಕರವಸ್ತ್ರದಿಂದ ಒರೆಸಿದಳು. ಸುಣ್ಣ ಸಲೀಸಾಗಿ ಬಂತು. ಮಸಿ ಕದಲಲಿಲ್ಲ. ಇನ್ನೊಮ್ಮೆ ಒರೆಸಿದಳು—ಕದಲಲಿಲ್ಲ. ಬಾಗಿಲ ಬಳಿ ಹೋಗಿ ಹಾಜರಿ ಪುಸ್ತಕವನ್ನು ಮತ್ತೆ ತೆರೆದಳು. ಬಹಳ ಹೊತ್ತು ನೋಡಿದಳು.

ಗುರುವಾರ ಬೆಳಗ್ಗೆ ಅವಳು ಕಾವಲುಗಾರನನ್ನು ಠಾಣೆಯಿಂದ ಕರೆತರಿಸಿದಳು. ಚಿತ್ರಶಾಲೆಯ ಹೊರಗೆ ಬೀದಿಯ ತಿರುವಿನವರೆಗೆ ಜನರ ಸಾಲು. ಮುದುಕ ಬೆಂಚಿನ ಮೇಲೆ ಕೂತಿದ್ದ. ನಿರ್ದೇಶಕರು ಹೊಸ ಕೋಟು ಹಾಕಿದ್ದರು.

"ಬೆಳಗ್ಗೆ ಸಹಿ ಮಾಡೋಕೆ ಮುಂಚೆ ನೀವು ಏನು ಮುಟ್ತಿದ್ರಿ?" ಅವಳು ಕಾವಲುಗಾರನನ್ನು ಕೇಳಿದಳು. ನಿನ್ನೆಯ 'ನೀನು' ಅವಳ ಬಾಯಿಗೆ ಬರಲಿಲ್ಲ.

ಅವನು ನೆಲ ನೋಡಿದ. "ಹೇಳಿದ್ರೆ ಕೆಲಸ ಹೋಗುತ್ತೆ. ಮುಟ್ಟಬಾರದು ಅಂತ ಕಾಯೋದೇ ನನ್ನ ಕೆಲಸ."

"ಹೇಳಿ."

"ಅಮ್ಮನ ಕೈ."

ಮುದುಕ ತಲೆಯೆತ್ತಿದ.

"ಪುಸ್ತಕದಲ್ಲಿರೋದು ಕೊಳೆ ಅಲ್ಲ" ಎಂದಳು ಇನ್‌ಸ್ಪೆಕ್ಟರ್. "ಚಿತ್ರದ ಮಸಿ. ಶನಿವಾರದವರೆಗೂ ಪ್ರತಿದಿನ ಇದೆ. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಯಾಕೆ? ಆ ಎರಡು ದಿನ ಮುಟ್ಟಲಿಲ್ವಾ?"

"ಮುಟ್ಟಿದೆ. ಕೈಗೆ ಏನೂ ಹತ್ತಲಿಲ್ಲ. ಯಾಕೆ ಅಂತ ಯಾರನ್ನ ಕೇಳಲಿ? ನಿನ್ನೆನೂ ಅದನ್ನೇ ಯೋಚಿಸ್ತಾ ನಿಂತಿದ್ದೆ."

"ಭಾನುವಾರ ಯಾರೋ ಚಿತ್ರದ ಮೇಲೆಲ್ಲ ವಾರ್ನಿಷ್ ಹೊಡೆದಿದ್ದಾರೆ. ಬುಧವಾರ ಸುಣ್ಣ ಬೀಳುತ್ತೆ ಅಂತ ಭಾನುವಾರವೇ ಗೊತ್ತಿದ್ದವರು. ಆಮೇಲೆ ತೊಳೆದರೆ ಚಿತ್ರಕ್ಕೆ ಏನೂ ಆಗಬಾರದು ಅಂತ ಇದ್ದವರು. ದ್ವೇಷದಿಂದ ಎರಚೋನು ಮೊದಲು ಹೊದಿಕೆ ಹಾಕಿ ಎರಚ್ತಾನಾ? ಭಾನುವಾರ ಈ ಕಟ್ಟಡದ ಎರಡೂ ಬೀಗದ ಕೈ ಇರೋದು ಒಬ್ಬರ ಹತ್ರ. ಅವರೇ ಹೇಳಿದ್ರು. ಇಂಥವನ ಕೈಗೆ ಕಟ್ಟಡ ಬಿಡೋಕಾಗಲ್ಲ ಅಂತ."

ಅವಳು ನಿರ್ದೇಶಕನ ಕಡೆ ತಿರುಗಿದಳು. ಅವನು ನಕ್ಕ. ಅದು ಎಲ್ಲಕ್ಕಿಂತ ಅಸಹ್ಯವಾಗಿತ್ತು.

"ಚಿತ್ರಕ್ಕೆ ಒಂದು ಗೀರಾದರೂ ಬಿದ್ದಿದೆಯಾ ಮೇಡಂ? ಮೂರು ವಾರದಲ್ಲಿ ಹನ್ನೊಂದು ಜನ ಬಂದಿದ್ರು. ಹೊರಗೆ ಸಾಲು ನೋಡಿ. ಆ ಹೆಂಗಸಿಗೆ ಇಷ್ಟು ಮರ್ಯಾದೆ ಯಾರು ತಂದ್ಕೊಟ್ರು?"

"ಗೋಡೆ ಮೇಲಿನ ಪದ?"

"ಅದಿಲ್ಲದೆ ಕ್ಯಾಮೆರಾ ಬರುತ್ತಾ?"

"ಇವರು ಒಂದು ರಾತ್ರಿ ಲಾಕಪ್ಪಿನಲ್ಲಿ ಕೂತಿದ್ರು."

"ಹಿಡೀರಿ ಅಂತ ನಾನು ಹೇಳಿದ್ನಾ? ಬೂಟು ನೋಡಿ ಹಿಡಿದದ್ದು ನೀವು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಸುಣ್ಣ ನಿರ್ದೇಶಕನ ಬೂಟಿಗೂ ಮೆತ್ತಿದೆಯೇ ಎಂದು ಅವಳು ಬಗ್ಗಿ ನೋಡಿರಲಿಲ್ಲ. ನೋಡಬೇಕೆಂದು ಹೊಳೆದೂ ಇರಲಿಲ್ಲ. ಕಾನ್‌ಸ್ಟೇಬಲ್ಲಿಗೆ ಕಣ್ಸನ್ನೆ ಮಾಡಿದಳು. ನಿರ್ದೇಶಕನನ್ನು ಹಿಂಬಾಗಿಲಿನಿಂದ ಕರೆದೊಯ್ದರು.

ಮುದುಕ ಎದ್ದು ಹೋಗಿ ಸುಣ್ಣದ ಕೆಳಗಿದ್ದ ತಂಗಿಯ ಕೈಯ ಮೇಲೆ ತನ್ನ ಅಂಗೈ ಒತ್ತಿದ. ತೆಗೆದು ನೋಡಿಕೊಂಡ. ಸುಣ್ಣವಷ್ಟೇ ಇತ್ತು.

"ಗೀರು ಬಿದ್ದಿಲ್ಲವಂತೆ" ಎಂದ. "ಇನ್ನು ಇವಳು ಯಾರ ಕೈಗೂ ಹತ್ತಲ್ಲ."

ಕಾವಲುಗಾರನ ಬಿಡುಗಡೆಯ ಕಾಗದ ಮೇಜಿನ ಮೇಲಿತ್ತು. ಇನ್‌ಸ್ಪೆಕ್ಟರ್ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದ.

"ಅದು ಎಲ್ಲಿ ಹತ್ತಿತು?"

ಅವಳು ಪಕ್ಕದ ಕೋಣೆಯ ಕಡೆ ತೋರಿಸಿದಳು. "ಬ್ರಷ್ಷು ಹಿಡಿದ ಕೈ. ಅದಕ್ಕೆ ಯಾರೂ ಏನೂ ಹೊಡೆದಿಲ್ಲ."

ಅವನು ಒಳಗೆ ಹೋದ. ತಡವಾಗಿ ಬಂದ. ಬಗ್ಗಿ ಸಹಿ ಮಾಡಿ, ಮಾವನ ಭುಜ ಹಿಡಿದು ಎಬ್ಬಿಸಿದ. ಇಬ್ಬರೂ ಸಾಲಿನಲ್ಲಿ ನಿಂತ ಜನರ ನಡುವೆಯೇ ಮುಂಬಾಗಿಲಿನಿಂದ ಹೊರನಡೆದರು.

ಕಾನ್‌ಸ್ಟೇಬಲ್ ಕಾಗದ ಎತ್ತಿಕೊಂಡ. ಸಹಿಯ ಪಕ್ಕದಲ್ಲಿ ಬೆರಳಿನ ಕಪ್ಪು ಗುರುತು ಮೂಡಿತ್ತು.

"ಕೊಳೆಯಾಗಿದೆ ಮೇಡಂ. ಬೇರೆ ಫಾರಂ ತರಲಾ?"

"ಬೇಡ" ಎಂದಳು. "ಇದನ್ನೇ ಫೈಲಿಗೆ ಹಾಕು."