ಅಪ್ಪನ ಮೊಬೈಲಿಗೆ ಹೋದ ಮನೆ ನಂಬರ್

“ನಂಬರ್ ಹೋದ್ರೆ ನೆಟ್ಟೂ ಹೋಗ್ತದಲ್ವಾ ಅಂಕಲ್?” ಪ್ರಾಪ್ತಿ ಮತ್ತೊಮ್ಮೆ ಕೇಳಿದಳು.

ನೆಟ್ ಕಂಪೆನಿಯ ರೂಬನ್ ಸ್ಟೂಲಿನ ಮೇಲೆ ನಿಂತು ವಯರ್ ಎಳೆಯುತ್ತಿದ್ದ. “ಇಲ್ಲ ಮಾರಾಯ್ತಿ, ನೆಟ್ಟಿಗೆ ಎಂತ ಆಗುದಿಲ್ಲ. ಅದು ಇದೇ ವಯರಿನಲ್ಲಿ ಬರ್ತದೆ. ಮನೆ ನಂಬರಿನ ಕಾಲ್ ಮಾತ್ರ ಇನ್ನು ಅಪ್ಪನ ಮೊಬೈಲಿನಲ್ಲಿ ರಿಂಗ್ ಆಗ್ತದೆ. ಅಷ್ಟೇ.”

ಅಷ್ಟೇ ಅಂತೆ!

ಐದನೇ ಕ್ಲಾಸಿನ ಪ್ರಾಪ್ತಿ ದೇರೆಬೈಲಿನ ಆ ಮನೆಯ ಟೆಲಿಫೋನ್ ಆಫೀಸರ್. ಹಾಗೆಂದು ಹೆಸರಿಟ್ಟವರು ಅಪ್ಪ. ಹಾಲ್‌ನಲ್ಲಿ ಫೋನ್ ಒಮ್ಮೆ ಟ್ರಿಣ್ ಎಂದರೆ ಸಾಕು, ಊಟದ ಕೈಯಲ್ಲೇ ಹುಡುಗಿ ಹಾಜರ್. ಎಂಥ ಚುರುಕು ಎಂದು ಅಪ್ಪ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಪಾಪ, ಅವರಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ.

ಒಳಗಿನ ಸಂಗತಿ ಡೈಸಿ ಟೀಚರಿನದು. ಪ್ರಾಪ್ತಿಗೆ ಬೋರ್ಡಿನ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂರುವ ಮೋಕ್ಷಿತನ ಪುಸ್ತಕ ನೋಡಿ ಬರೆಯುತ್ತಿದ್ದಳು. ಅವನ ತಪ್ಪುಗಳೆಲ್ಲ ಇವಳ ಪುಸ್ತಕಕ್ಕೂ ಬಂದು ಕೂತಾಗ ಟೀಚರಿಗೆ ಗೊತ್ತಾಗಿಹೋಯಿತು. “ಕಣ್ಣು ಟೆಸ್ಟ್ ಮಾಡಿಸ್ಬೇಕು, ಅಪ್ಪನಿಗೆ ಕೊಡು” ಎಂದು ಮನೆಗೆ ಫೋನ್ ಮಾಡಿದರು. “ಅಪ್ಪ ಇಲ್ಲ ಟೀಚರ್, ಬಂದ ಮೇಲೆ ಹೇಳ್ತೇನೆ” ಎಂದು ಆಫೀಸರ್ ರಿಸೀವರ್ ಇಟ್ಟರು. ಹೇಳಿದ್ದರೆ ಕೇಳಿ!

ಕನ್ನಡಕ ಹಾಕಿದರೆ ಮೋಕ್ಷಿತ್ ಸೋಡಾಬುಡ್ಡಿ ಎನ್ನದೆ ಬಿಡುತ್ತಾನಾ? ಆ ಹೆಸರು ಒಮ್ಮೆ ಅಂಟಿದರೆ ಹತ್ತನೇ ಕ್ಲಾಸಿನವರೆಗೂ ಬಿಡುವುದಿಲ್ಲ.

ಅಡುಗೆಮನೆಯಿಂದ ಅಪ್ಪನ ಅಮ್ಮ, ಬಾಗಿ ಅಜ್ಜಿ, ಒಂದು ಪ್ಲೇಟ್ ಬಿಸಿ ಗೋಳಿಬಜೆ ತಂದು ರೂಬನ್‌ಗೆ ಕೊಟ್ಟರು. “ತಿನ್ನು ಮಗಾ. ಫೋನ್ ಇದ್ದ ಹಾಗೇ ಇರ್ಲಿ. ಹಳೇದು, ಪಾಪ, ಯಾರಿಗೂ ಉಪದ್ರ ಮಾಡುದಿಲ್ಲ.”

ರೂಬನ್ ಗೋಳಿಬಜೆ ಎಲ್ಲವನ್ನೂ ತಿಂದ, ಚಟ್ನಿಯನ್ನೂ ಬಿಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಕೆಲಸವನ್ನೂ ಮುಗಿಸಿದ.

“ಹೀಗೆ ಮಾಡದಿದ್ರೆ ಆಗುದಿಲ್ಲಮ್ಮ” ಎಂದರು ಅಪ್ಪ, ಅಜ್ಜಿಗೆ. “ಮೊನ್ನೆ ಗ್ಯಾಸಿನವ ಫೋನ್ ಮಾಡಿದ್ದನಂತೆ. ಯಾರೋ ರಾಂಗ್ ನಂಬರ್ ಅಂತ ಹೇಳಿ ಇಟ್ರಂತೆ!”

ಅಜ್ಜಿ ಖಾಲಿ ಪ್ಲೇಟ್ ಹಿಡಿದು ಬೇಗ ಬೇಗ ಒಳಗೆ ನಡೆದರು. ಅಜ್ಜಿ ತನ್ನ ಪರವಾಗಿ ಮಾತಾಡಿದರಲ್ಲ ಎಂದು ಪ್ರಾಪ್ತಿಗೆ ಖುಷಿಯೋ ಖುಷಿ.

ಸಂಜೆ ಚಹಾ ಕುಡಿಯುವಾಗ ಅಪ್ಪನ ಮೊಬೈಲ್ ಹಾಡಿತು. “ನೋಡಿ, ಮನೆ ನಂಬರಿನ ಫಸ್ಟ್ ಕಾಲ್!” ಎಂದು ಅಪ್ಪ ಗತ್ತಿನಿಂದ ಸ್ಪೀಕರ್ ಹಾಕಿದರು. ಪ್ರಾಪ್ತಿ ಕಣ್ಣು ಮುಚ್ಚಿಕೊಂಡಳು.

“ಕಂಕನಾಡಿ ಕ್ಲಿನಿಕ್ಕಿನಿಂದ ಸಿಸ್ಟರ್ ಬೆನಿಟಾ. ಬಾಗಿ ಅಮ್ಮ ಇದ್ದಾರಾ? ಶುಗರ್ ಟೆಸ್ಟಿಗೆ ಬರ್ಲೇ ಇಲ್ಲ. ಕಾಲಿನ ಗಾಯವನ್ನೂ ಡಾಕ್ಟರಿಗೆ ನೋಡ್ಲಿಕ್ಕುಂಟು. ನಾವು ಫೋನ್ ಮಾಡಿದಾಗೆಲ್ಲ ಯಾರೋ ರಾಂಗ್ ನಂಬರ್ ಹೇಳಿ ಇಡ್ತಾರೆ.”

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಫ್ಯಾನ್ ನೋಡಿದರು.

ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬರುತ್ತೇನೆಂದು ಹೇಳಿ ಅಪ್ಪ ಫೋನ್ ಇಟ್ಟರು. “ಅಮ್ಮಾ, ಗಾಯ ಒಣಗಿದೆ ಅಂತ ಹೇಳಿದ್ರಲ್ಲ ನೀವು?”

“ಅಲ್ಲಿ ಹೋದ್ರೆ ಸಕ್ಕರೆ ಬೇಡ, ಅನ್ನ ಬೇಡ, ಹಲಸಿನಹಣ್ಣು ಬೇಡ. ಮತ್ತೆ ಉಳಿದದ್ದು ಎಂತ, ಗಾಳಿಯಾ?” ಎಂದು ಅಜ್ಜಿ ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡರು.

ಅಂಚಿನಡಿಯ ಬಟ್ಟೆಯ ಕಟ್ಟು ಪ್ರಾಪ್ತಿಗೆ ಕಂಡಿತು. ಅದು ಒದ್ದೆಯಾಗಿತ್ತು. ಕೆಲವೊಮ್ಮೆ ತನಗಿಂತ ಮೊದಲೇ ಅಜ್ಜಿ ಫೋನ್ ಎತ್ತಿ “ರಾಂಗ್ ನಂಬರ್!” ಎಂದು ಗದರಿಸುವಾಗ ತಾನು ಬಿದ್ದು ಬಿದ್ದು ನಕ್ಕಿದ್ದು ನೆನಪಾಯಿತು. ಈಗ ನಗು ಬರಲಿಲ್ಲ, ಹೆದರಿಕೆಯಾಯಿತು.

ಅಪ್ಪ ಸ್ನಾನಕ್ಕೆ ಹೋದ ಮೇಲೆ ಅವಳು ಅಜ್ಜಿಯ ಹತ್ತಿರ ಸರಿದಳು. “ಹೋಗ್ಬೇಕಿತ್ತು ಅಜ್ಜಿ. ಒಂದು ಟೆಸ್ಟಿಗೆ ಯಾರಾದ್ರೂ ಹೀಗೆ ಹೆದರ್ತಾರಾ?”

ಹೇಳಿ ಮುಗಿಯುವಷ್ಟರಲ್ಲಿ ಅವಳ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲ್ ಮತ್ತೆ ಹಾಡಿತು. ಕೂತಲ್ಲಿಂದ ಹೆಸರು ಕಾಣಲಿಲ್ಲ, ಅಕ್ಷರವೆಲ್ಲ ಕಲಸಿಹೋಗಿತ್ತು. ಪ್ರಾಪ್ತಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಸ್ಕೂಲ್.

ಅಜ್ಜಿ ಅವಳ ಮುಖ ನೋಡಿದರು. ಟೆಲಿಫೋನ್ ಆಫೀಸರಿನ ವ್ಯವಹಾರ ಎಲ್ಲ ಅಜ್ಜಿಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ. ಒಂದು ಕಣ್ಣು ಮಿಟುಕಿಸಿ ಪಿಸುಗುಟ್ಟಿದರು: “ರಾಂಗ್ ನಂಬರ್ ಹೇಳು!”

ಪ್ರಾಪ್ತಿಗೆ ನಗು ಬಂತು, ಅಳುವೂ ಬಂತು. ಅವಳು ಫೋನ್ ಎತ್ತಿದಳು. “ಟೀಚರ್, ಒಂದು ನಿಮಿಷ. ಅಪ್ಪ ಇದ್ದಾರೆ” ಎಂದು ಹೇಳಿ ಬಚ್ಚಲಿನ ಬಾಗಿಲು ಬಡಿದಳು. “ಅಪ್ಪಾ, ಬೇಗ ಬನ್ನಿ! ಡೈಸಿ ಟೀಚರ್, ನಿಮಗೆ!”

ತಲೆಯಿಂದ ನೀರು ಸುರಿಯುತ್ತಿದ್ದ ಅಪ್ಪನ ಕೈಗೆ ಮೊಬೈಲ್ ಕೊಟ್ಟು ಅವಳು ವಾಪಸ್ ಬಂದಳು. ಅಜ್ಜಿಯ ಕಾಲಿನ ಹತ್ತಿರ ಕೂತು, ಗಾಯಕ್ಕೆ ತಾಗುತ್ತಿದ್ದ ಸೀರೆಯ ಅಂಚನ್ನು ಮೆಲ್ಲಗೆ ಸರಿಸಿದಳು.

“ನಾಳೆ ಕಂಕನಾಡಿಗೆ ನಾನೂ ಬರ್ತೇನೆ ಅಜ್ಜಿ” ಎಂದಳು. “ನನಗೂ ಒಂದು ಟೆಸ್ಟ್ ಉಂಟು.”