ನೀಲಕ್ಕನ ನಡುಮನೆ

"ಈ ನಡುಮನೇಲಿ ಆ ಮಾತು ಆಡ್ಬ್ಯಾಡಿ. ಬೇಕಾದ್ರೆ ಜಗಲಿ ಮ್ಯಾಲೆ ಓಗಿ ಆಡ್ಕಳ್ಳಿ" ಎಂದಳು ದೊಡ್ಡಮುನಿಯಮ್ಮ, ಹೊಸ್ತಿಲಿಗೆ ಅಡ್ಡವಾಗಿ ಕೂತುಕೊಂಡು.

ವಿಶ್ವನಾಥನಿಗೆ ನಗು ಬಂತು. ಅವನಿಗೆ ನಗು ಬೇಗ ಬರುತ್ತಿತ್ತು. ಅದರಿಂದಾಗಿ ಅವನನ್ನು ಇಷ್ಟಪಡುವವರೂ ಇದ್ದರು, ದೂರ ಇಟ್ಟವರೂ ಇದ್ದರು. ಗದಗಿನಿಂದ ಬಂದು ಹದಿನಾಲ್ಕು ವರ್ಷ ಕಂಡಕಂಡವರ ಕೈಕೆಳಗೆ ದುಡಿದು, ಕೊನೆಗೂ ತನ್ನದೇ ಸಿನಿಮಾ ಮಾಡುತ್ತಿದ್ದ ನಿರ್ದೇಶಕ ಅವನು. ರಾಜಾನುಕುಂಟೆಯ ಹಳೇ ಊರೊಳಗಿನ ಈ ತೊಟ್ಟಿಮನೆಯನ್ನು ಇಪ್ಪತ್ತು ದಿನಕ್ಕೆ ಬಾಡಿಗೆಗೆ ಹಿಡಿದಿದ್ದ. ಮನೆಯ ಬೀಗದ ಕೈ ಇದ್ದದ್ದು ದೊಡ್ಡಮುನಿಯಮ್ಮನ ಸೊಂಟದಲ್ಲಿ.

ಸಿನಿಮಾ ಎಂಬತ್ತು ವರ್ಷದ ಹಿಂದಿನ ಒಂದು ಪ್ರೇಮಕತೆ. ಜಮೀನ್ದಾರರ ಮನೆಗೆ ಒಬ್ಬನೇ ವಾರಸುದಾರ, ಅವನು ಎಲ್ಲರ ಮಾತು ಮೀರಿ ಕಟ್ಟಿಕೊಂಡ ಹುಡುಗಿ, ಆಸ್ತಿಯ ಆಸೆಗೆ ಅವಳು ಅನ್ನದಲ್ಲಿ ಮದ್ದು ಹಾಕುತ್ತಿದ್ದಾಳೆಂದು ಅವನ ಕಿವಿ ಕಚ್ಚುವ ನೆಂಟರು. ಆ ದಿನದ ದೃಶ್ಯದಲ್ಲಿ ಹೆಂಡತಿ ಹಾಲು ತಂದುಕೊಡಬೇಕು. ಗಂಡ ಲೋಟ ಮೂಸಿ ನೋಡಿ, ವಾಪಸು ಕೊಟ್ಟು, 'ನೀನು ಮೊದಲು ಕುಡಿ' ಎನ್ನಬೇಕು.

"ಅಜ್ಜಿ, ಇದು ಬರೀ ಆಕ್ಟಿಂಗ್ ಕಣಮ್ಮ" ಎಂದ ವಿಶ್ವನಾಥ.

"ಆಟ ಆಡೋರಿಗೆ ಏನೂ ಆಗ್ದೇ ಇರ್ಬೋದು. ನಿಜವಾದ ಗಂಡ ಎಂಡ್ರು ಆಡ್ಬಾರ್ದು, ಅಷ್ಟೇಯ. ನೀಲಕ್ಕ ಅಂತ ಈ ಮನೆ ಸೊಸೆ. ಅವಳ ಗಂಡ ಕಾಡಪ್ಪ ದಾಯಾದಿಗಳ ಮಾತು ಕೇಳಿ, ಎಲ್ರ ಮುಂದೆ, ಇಲ್ಲೇ ಕೂರ್ಸಿ, ಅವಳು ಬಡಿಸಿದ್ದ ಅನ್ನಾನ ಮೊದ್ಲು ಅವಳ ಕೈಲೇ ತಿನ್ನಿಸ್ದ. ತಿಂದ್ಲು. ಎಲೆ ಮಡಚಿದ್ಲು. ನೆಲಕ್ಕೆ ಅಂಗೈ ಬಡಿದು, ಇಲ್ಲಿ ಎಂಡ್ತಿ ಕೈ ಅನ್ನಾನ ಅನುಮಾನ ಪಟ್ಟ ಗಂಡಂಗೆ ಅವನ ಅನುಮಾನವೇ ನಿಜ ಆಗ್ಲಿ ಅಂದ್ಲು. ಅವತ್ತಿಂದ ಈ ಮನೇಲಿ ಯಾರೂ ತಟ್ಟೆ ಮೂಸಲ್ಲ. ಉಪ್ಪು ಕಮ್ಮಿ ಅಂತಾನೂ ಅನ್ನಲ್ಲ."

"ಉಪ್ಪಿಲ್ಲದ ಸಾರನ್ನೂ ಸುಮ್ಮನೆ ಉಣ್ಣೋ ಗಂಡಸರು. ಒಳ್ಳೆ ಶಾಪ ಹಾಕಿದಾಳೆ" ಎಂದ ಅವನು. ಲೈಟಿನವರೆಲ್ಲ ನಕ್ಕರು. ದೊಡ್ಡಮುನಿಯಮ್ಮ ನಗಲಿಲ್ಲ. ಹೊಸ್ತಿಲು ಬಿಟ್ಟು ಎದ್ದುಹೋದಳು.

ನಾಯಕಿಯ ಕಾರು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ನಾಯಕನಿಗೆ ತಾನು ಆಡಬೇಕಾದ ಮಾತಿನ ತೂಕ ತಿಳಿಯುತ್ತಿರಲಿಲ್ಲ. ಬೆಳಕು ಹೊಂದಿಸಲು ಯಾರಾದರೂ ನಿಲ್ಲಬೇಕಿತ್ತು. ವಸ್ತ್ರವಿನ್ಯಾಸ ನೋಡಿಕೊಳ್ಳುತ್ತಿದ್ದ ಪ್ರತಿಭಾ ಕತೆಯ ಹುಡುಗಿಯ ಇಳಕಲ್ ಸೀರೆಯನ್ನು ತಾನೇ ಸುತ್ತಿಕೊಂಡು, ಹಿತ್ತಾಳೆ ಲೋಟ ಹಿಡಿದು ನಡುಮನೆಯೊಳಗೆ ಬಂದಳು. ಅವನು ಮದುವೆಯಾಗಿ ಹನ್ನೊಂದು ವರ್ಷವಾಗಿದ್ದ ಹೆಂಡತಿ. ಆ ಸೀರೆಯಲ್ಲಿ ಅವಳನ್ನು ನೋಡಿ ವಿಶ್ವನಾಥನಿಗೆ ಖುಷಿಯಾಯಿತು.

"ನೋಡ್ಕೋ, ಹಿಂಗ ಹೇಳ್ಬೇಕು" ಎಂದು ನಾಯಕನಿಗೆ ಹೇಳಿ, ಹೆಂಡತಿಗೆ ಕಣ್ಣು ಹೊಡೆದು, ಲೋಟ ತೆಗೆದುಕೊಂಡ.

ಕಿಟಕಿಯಿಲ್ಲದ ಕೋಣೆ. ಹಳೇ ಎಣ್ಣೆಯ ಕಮಟು, ಬಾವಲಿಯ ಗಬ್ಬು. ದೀಪ ಒಂದೇ ಉರಿಯುತ್ತಿತ್ತು. ಅವನು ಲೋಟ ಮೂಸಿದ. ಅವಳ ಕಡೆ ನೋಡಿದ. "ನೀನು ಮೊದಲು ಕುಡಿ" ಎಂದ.

ಎಷ್ಟು ಚೆನ್ನಾಗಿ ಹೇಳಿದನೆಂದರೆ ಪ್ರತಿಭಾಳ ಮುಖ ಒಂದು ಕ್ಷಣ ನಿಜವಾಗಿಯೂ ಬಾಡಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ವಿಶ್ವನಾಥ ಮಾತ್ರ ಲೋಟವನ್ನೇ ನೋಡುತ್ತಿದ್ದ. ಹಾಲಿನಿಂದ ಹಸಿ ಎಲೆ ಜಜ್ಜಿದ ವಾಸನೆ ಬರುತ್ತಿತ್ತು. ಅದರಡಿಯಲ್ಲಿ ಸುಟ್ಟ ಕೂದಲಿನ ವಾಸನೆ.

"ಹಾಲು ಕೆಟ್ಟೈತಿ, ಚೆಲ್ಲು" ಎಂದ. ಅದೇ ಕ್ಯಾನಿನ ಹಾಲಿನಲ್ಲಿ ಅಷ್ಟೂ ಜನ ಕಾಫಿ ಕುಡಿದಿದ್ದರು. ಯಾರಿಗೂ ಏನೂ ಅನ್ನಿಸಿರಲಿಲ್ಲ.

ಮಾರನೆಯ ದಿನ ಭಾನುವಾರ. ಯಲಹಂಕದ ಆಚೆಗಿನ ಸಿಂಗಾಪುರ ಬಡಾವಣೆಯ ಅವರ ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ. ಮೊದಲ ತುತ್ತು ಬಾಯಿಯ ಹತ್ತಿರ ಬಂದಾಗ ಅದೇ ವಾಸನೆ. ಅವನು ಕೈ ಕೆಳಗಿಟ್ಟು ಹೊಟ್ಟೆನೋವು ಎಂದ. ಸಂಜೆ ಚಹಾದಲ್ಲೂ ಅದೇ ವಾಸನೆ. ಸೋಮವಾರ ಅವಳು ಕಟ್ಟಿಕೊಟ್ಟ ಡಬ್ಬಿಯನ್ನು ಕ್ಯಾಮೆರಾದ ಫರ್ದೀನನಿಗೆ ಕೊಟ್ಟ. ಅವನು ಬೆರಳು ಚೀಪಿ, "ಭಾಭಿ ಕೈಗೆ ಚಿನ್ನದ ಬಳೆ ಹಾಕ್ಬೇಕು ಗುರು" ಎಂದ. ದರ್ಶಿನಿ ಹೋಟೆಲಿನ ಇಡ್ಲಿಗೆ ವಾಸನೆಯಿರಲಿಲ್ಲ. ಅಕ್ಕನ ಮನೆಯ ಊಟಕ್ಕೆ ಇರಲಿಲ್ಲ. ಪ್ರತಿಭಾ ಕೊಟ್ಟ ನೀರಿಗೆ ಇತ್ತು.

ಈ ಅನುಮಾನ ಸುಳ್ಳೆಂದು ಅವನಿಗೆ ತಿಳಿಯದಿರಲಿಲ್ಲ. ಅವಳು ಎಂಥವಳೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೆ ತುತ್ತು ಎತ್ತಿದರೆ ಮತ್ತೆ ಅದೇ ವಾಸನೆ. ಮೂಗಿನ ಡಾಕ್ಟರು ದೀಪ ಹಾಕಿ ನೋಡಿ ಮೂಗು ಸರಿಯಾಗಿದೆ ಎಂದರು. ಹೊರಗೆ ಕದ್ದು ತಿಂದದ್ದು ಮೈಗೆ ಹತ್ತಲಿಲ್ಲ. ಮೂರನೇ ವಾರದ ಹೊತ್ತಿಗೆ ಅಂಗಿ ಮೈಮೇಲೆ ಜೋಲುತ್ತಿತ್ತು.

ತಮ್ಮ ಸಿದ್ದಲಿಂಗ ಯಶವಂತಪುರದಿಂದ ನೋಡಲು ಬಂದ. ಪ್ರತಿಭಾ ಒಳಗೆ ಹೋಗುವುದನ್ನೇ ಕಾದು, "ಅಣ್ಣಾ, ಅಪ್ಪನ ಹೊಲ ಮಾರಿ ಕಟ್ಟಿದ ಮನಿ ಇದು. ಆಕಿ ಹೆಸರಿನ್ಯಾಗ ಐತಿ, ಮರೀಬ್ಯಾಡ" ಎಂದ.

"ನಾನ ಮಾಡ್ಸಿದ್ದು. ಸಿನಿಮಾ ಮುಳುಗಿದ್ರೂ ಮನಿ ಉಳೀಲಿ ಅಂತ. ಇನ್ನೊಮ್ಮೆ ಹಿಂಗ ಅಂದ್ರ ಈ ಮೆಟ್ಟಲಾ ಹತ್ತಬ್ಯಾಡ" ಎಂದು ವಿಶ್ವನಾಥ ಬೈದು ಕಳಿಸಿದ. ತಮ್ಮ ಹೋದ. ಅವನಾಡಿದ ಮಾತು ಹೋಗಲಿಲ್ಲ.

ಎರಡು ದಿನ ಬಿಟ್ಟು, ಅವಳು ಸ್ನಾನಕ್ಕೆ ಹೋಗಿದ್ದಾಗ, ಅವನು ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸುತ್ತಿದ್ದ. ಸಾಸಿವೆ, ಅರಿಶಿನ, ಗುರೆಳ್ಳು ಪುಡಿ. ಹಿಂದೆ ನೀರು ತೊಟ್ಟಿಕ್ಕುವ ಸಪ್ಪಳ ಕೇಳಿ ತಿರುಗಿದ. ಒದ್ದೆ ಕೂದಲಲ್ಲಿ ಅವಳು ನಿಂತಿದ್ದಳು.

"ಏನ್ ಹುಡುಕಾಕತ್ತೀರಿ?"

ಅವನು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ. ಅವಳು ಬಂದು ಒಂದೊಂದೇ ಮುಚ್ಚಳ ಮುಚ್ಚಿದಳು. ಅವನಿಗೆ ಸತ್ತುಹೋಗಬೇಕೆನ್ನಿಸಿತು.

"ನಾ ಏನ್ ತಪ್ಪು ಮಾಡೀನಿ ಹೇಳ್ರಿ" ಎಂದಳು ಕೊನೆಗೆ. ಅವನು ಎಲ್ಲವನ್ನೂ ಹೇಳಿದ. ನಡುಮನೆ, ನೀಲಕ್ಕ, ವಾಸನೆ. ಅವಳು ಅಳಲಿಲ್ಲ. "ನಿಮಗ ನನ್ನ ಮ್ಯಾಲ ನಂಬಿಕಿ ಐತಿ, ನಿಮ್ಮ ಮೂಗಿಗೆ ಇಲ್ಲ. ಹೌದಲ್ಲ?" ಎಂದಳು. ಹೌದೆಂದ. ಅಂದಿನಿಂದ ಅವಳು ಅವನ ತಟ್ಟೆಗೆ ಬಡಿಸುವುದನ್ನು ಬಿಟ್ಟಳು. ಅವನ ಊಟ ಹೊರಗಿನಿಂದ ಬರುತ್ತಿತ್ತು. ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಇಬ್ಬರೂ ಅರ್ಧರ್ಧ ತಿಂದು ಏಳುತ್ತಿದ್ದರು. ಅದಕ್ಕಿಂತ ಜಗಳವೇ ವಾಸಿಯಾಗಿತ್ತು.

ಆರನೇ ವಾರ ಅವನು ಒಬ್ಬನೇ ರಾಜಾನುಕುಂಟೆಗೆ ಹೋದ. ದೊಡ್ಡಮುನಿಯಮ್ಮ ಅವನ ಗುಳಿಬಿದ್ದ ಕೆನ್ನೆ ನೋಡಿದಳು. ಹೇಳಿರಲಿಲ್ಲವೇ ಎಂದು ಹಂಗಿಸಲಿಲ್ಲ.

"ಬಿಡಿಸ್ಕಳಾಕೆ ಒಂದೇ ದಾರಿ ಕಣಪ್ಪ. ಅವಳ ಕೈಲಿ ಬಡಿಸ್ಕಂಡು, ಮೂಸ್ದಂಗೆ, ಕೇಳ್ದಂಗೆ, ಒಂದಗ್ಳೂ ಬಿಡ್ದಂಗೆ ಉಣ್ಣು. ನಂಬಿ ಉಣ್ಣು. ನಮ್ಮ ಕಾಡಪ್ಪಂಗೆ ಅಷ್ಟು ದಮ್ಮಿರ್ಲಿಲ್ಲ."

"ಏನಾದ್ರೂ ಆದ್ರೆ?"

"ನೋಡು, ಮತ್ತೆ ಕೇಳ್ದೆ" ಎಂದಳು ಮುದುಕಿ.

ದಾರಿಯುದ್ದಕ್ಕೂ ಅವನು ಮನಸ್ಸು ಗಟ್ಟಿ ಮಾಡಿಕೊಂಡು ಬಂದ. ಯಲಹಂಕ ದಾಟುವಷ್ಟರಲ್ಲಿ ಎಂಥದೋ ಹಗುರ. ವಿಷವೇ ಇರಲಿ, ಉಣ್ಣುತ್ತೇನೆ ಎಂದುಕೊಂಡ. ಮನೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಕಟ್ಟಿನ ಸಾರು ಕುದಿಯುತ್ತಿತ್ತು.

"ಪ್ರತಿಭಾ, ಹಸಿವಾಗೇತಿ. ನೀಡು."

ಒಲೆಯ ಮುಂದಿದ್ದವಳು ಬೆಚ್ಚಿದಳು. "ಇವತ್ತ? ಈಗ?"

"ಈಗ."

ಅವಳು ಸಾರಿನ ಪಾತ್ರೆ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ತಟ್ಟೆ ತೊಳೆದು ತಂದಳು. ಬಿಸಿ ಅನ್ನ, ಮೇಲೆ ಸಾರು. ಅವನು ಮೂಸಲಿಲ್ಲ, ಕಲಸಿದ. ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟ.

ವಾಸನೆ ಇರಲಿಲ್ಲ.

ಲವಂಗ, ಹುಣಸೆ, ಬೆಲ್ಲ, ಒಗ್ಗರಣೆಯ ಬೆಳ್ಳುಳ್ಳಿ. ಅಷ್ಟೇ. ಅವನಿಗೆ ಅಳು ಬಂತು. ತುತ್ತಿನ ಮೇಲೆ ತುತ್ತು ತಿಂದ. ಇನ್ನೂ ಹಾಕು ಎಂದ. ಹಾಕಿದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತ ಅವಳೂ ಅಳುತ್ತಿದ್ದಳು. ಸಂತೋಷಕ್ಕೆಂದುಕೊಂಡ. ಒಂದಗುಳೂ ಬಿಡದೆ ತಟ್ಟೆ ಬರಿದು ಮಾಡಿದ.

"ಹ್ಯಾಂಗ ಅನಸ್ತೈತ್ರಿ? ಒಳಗ ಏನರ ಆಗಾಕತ್ತೈತೇನು?" ಎಂದಳು ಪ್ರತಿಭಾ.

ಆ ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕಂಡಿತು. ಉತ್ತರ ಕೊಡಲು ಬಾಯಿ ತೆರೆದ. ತುಟಿ ಜುಮ್ಮೆನ್ನುತ್ತಿತ್ತು.

"ಗೊರಗುಂಟೆಪಾಳ್ಯದಾಗ ಮದ್ದು ತಗಿಯಾಂವ ಒಬ್ಬಾಂವ ಅದಾನ" ಅವಳು ತಡವರಿಸುತ್ತ ಹೇಳಿದಳು. "ನಾ ಹೋಗಿದ್ನಿ. ನಿಮಗ ಯಾರೋ ಮದ್ದು ಹಾಕ್ಯಾರ, ಇದನ್ನ ಅರೆದು ಊಟದಾಗ ಕೊಡು, ವಾಂತಿ ಆಗಿ ಎಲ್ಲಾ ಹೋಗ್ತೈತಿ ಅಂದ. ಬೇರು ಕೊಟ್ಟ. ಹೇಳಿದ್ರ ನೀವು ಮುಟ್ಟೂದಿಲ್ಲಂತ ಹೇಳಲಿಲ್ರಿ. ನಾಲ್ಕು ದಿನದಿಂದ ದಿನಾ ಸಾರಿನ್ಯಾಗ ಹಾಕಿ, ನಿಮಗ ನೀಡಾಕ ಧೈರ್ಯ ಆಗದ ದಿನಾ ಚೆಲ್ಲೀನಿ. ನೀವು ಇವತ್ತ..."

ಅವಳ ಮಾತು ದೂರದಿಂದ ಬರುತ್ತಿತ್ತು. ವಾಂತಿಯಾಗಲಿಲ್ಲ. ಅವನು ಎದ್ದ. ನೆಲ ಜಾರಿತು. ಗೋಡೆ ಹಿಡಿದ. ಗೋಡೆಯೂ ಜಾರಿತು. ಮಧ್ಯಾಹ್ನದ ಬೆಳಕು ಮಂಕಾಯಿತು. ಎಲ್ಲಿಂದಲೋ ಹಳೇ ಎಣ್ಣೆಯ ಕಮಟು. ಯಾರೋ ನೆಲಕ್ಕೆ ಅಂಗೈ ಬಡಿದ ಸದ್ದು. ಒಂದು ಸಲ. ಇನ್ನೊಂದು ಸಲ. ಅದು ಅವನ ಎದೆ. ತಪ್ಪುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಬಡಿಯುತ್ತಿತ್ತು. ಪ್ರತಿಭಾ ಫೋನಿನಲ್ಲಿ ಸಿದ್ದಲಿಂಗನನ್ನು ಕೂಗುತ್ತಿದ್ದಳು.

ಹೆಬ್ಬಾಳದ ಆಸ್ಪತ್ರೆಯ ಬಿಳಿ ದೀಪಗಳ ಕೆಳಗೆ ಮತ್ತೆ ಎಚ್ಚರ ಬಂತು. ಕೈಗೆ ಸೂಜಿ. ಪ್ರತಿಭಾ ಕಾಗದದ ಪೊಟ್ಟಣ ಬಿಚ್ಚಿ ಉಳಿದ ಬೇರಿನ ಚೂರನ್ನು ಡಾಕ್ಟರಿಗೆ ತೋರಿಸುತ್ತಿದ್ದಳು. ಪಕ್ಕದಲ್ಲಿ ಸಿದ್ದಲಿಂಗ.

"ಇದನ್ನ ಇವರಿಗೆ ಯಾರು ಕೊಟ್ರು? ಬೇಗ ಹೇಳಿ, ಪೊಲೀಸರಿಗೂ ತಿಳಿಸ್ಬೇಕು" ಎಂದರು ಡಾಕ್ಟರು.

ಪ್ರತಿಭಾ ಬಾಯಿ ತೆರೆದಳು. ವಿಶ್ವನಾಥ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡ.

"ನಾನೇ" ಎಂದ. "ನಾನೇ ತಂದೆ. ನಾನೇ ಹಾಕ್ಕೊಂಡೆ. ಆಕಿಗೆ ಗೊತ್ತಿಲ್ಲ."

ಆರು ವಾರಗಳಲ್ಲಿ ಮೊದಲ ಬಾರಿಗೆ ಅವನ ಮನಸ್ಸಿನಲ್ಲಿ ಅವಳ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಅವನ ಕಾಲು ಹಿಡಿದುಕೊಂಡು ಕುಸಿದಳು. ಸಿದ್ದಲಿಂಗ ಅಣ್ಣನನ್ನು ನೋಡುತ್ತಿರಲಿಲ್ಲ. ಅತ್ತಿಗೆಯ ಕೈಯಲ್ಲಿದ್ದ ಪೊಟ್ಟಣವನ್ನು ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಅವಳ ಮುಖ ನೋಡಿದ. ಆ ನೋಟ ವಿಶ್ವನಾಥನಿಗೆ ಗೊತ್ತಿತ್ತು. ತಾನು ಹೋದ ಮೇಲೆ ಇವಳು ಬದುಕಿರುವಷ್ಟು ದಿನವೂ ಜನ ಇವಳನ್ನು ಹೀಗೇ ನೋಡುತ್ತಾರೆಂದು ತಿಳಿದು ಅವನಿಗೆ ಸಾವಿಗಿಂತ ಹೆಚ್ಚು ಭಯವಾಯಿತು.

ಹತ್ತಿರ ಬಾ ಎಂದು ಬೆರಳಾಡಿಸಿದ. ಅವಳು ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು. ಸಾರು ಬಹಳ ಚೆನ್ನಾಗಿತ್ತು ಎಂದು ಹೇಳಬೇಕಿತ್ತು ಅವನಿಗೆ. ಅಷ್ಟು ಹೊತ್ತಿಗೆ ನಾಲಿಗೆ ಮರಗಟ್ಟಿಹೋಗಿತ್ತು.